ಅಕ್ಷರ ನೋಡಿ ಉಳಿ ಹಿಡಿಯಿರಿ

ಮೇಜಿನ ಮೇಲಿನ ಪುಟ್ಟ ಸಿಎನ್‌ಸಿ ಯಂತ್ರದಲ್ಲಿ ಕನ್ನಡ ಕೆತ್ತಲು ಹೊರಟವರು ಸಾಫ್ಟ್‌ವೇರನ್ನೂ ಬಿಟ್ಟನ್ನೂ ಆರಿಸುವ ಬಗೆ

ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗೆ ಹೆಸರು ಹಾಕಿಕೊಡುವವರ ಕೈಯನ್ನು ಗಮನಿಸಿ. ಗುಂಯ್‌ಗುಡುವ ಮೆಷಿನ್ನಿನ ಮೊನೆ ಸ್ಲೇಟಿನ ಮೇಲೆ ಬಳಪ ಓಡಿದಂತೆ ಓಡುತ್ತದೆ. ಒಂದೇ ಗೀಟಿನಲ್ಲಿ ಅಕ್ಷರ ಮುಗಿಯುತ್ತದೆ. ಕಂಪ್ಯೂಟರಿನ ಫಾಂಟ್ ಹಾಗಲ್ಲ. ಅದರಲ್ಲಿ ಇರುವುದು ಅಕ್ಷರದ ಅಂಚುಗಳು ಮಾತ್ರ. ಆ ಅಂಚುಗಳ ನಡುವೆ ಬಣ್ಣ ತುಂಬುವುದು ಪರದೆಯ ಅಥವಾ ಪ್ರಿಂಟರಿನ ಕೆಲಸ. ಕೆತ್ತುವ ಯಂತ್ರಕ್ಕೆ ಬಣ್ಣ ತುಂಬಲು ಬರುವುದಿಲ್ಲ. ಉಳಿ ಯಾವ ದಾರಿಯಲ್ಲಿ, ಎಷ್ಟು ಆಳದಲ್ಲಿ, ಎಷ್ಟು ವೇಗವಾಗಿ ಸಾಗಬೇಕು ಎಂಬುದನ್ನು ಯಾರಾದರೂ ಅದಕ್ಕೆ ಲೆಕ್ಕ ಹಾಕಿ ಕೊಡಬೇಕು. ಹವ್ಯಾಸಕ್ಕೆ ಯಂತ್ರ ಕೊಂಡವರು ಮೊದಲು ಕೇಳುವ ಪ್ರಶ್ನೆ ‘ಯಾವ ಸಾಫ್ಟ್‌ವೇರ್ ಒಳ್ಳೆಯದು’ ಎಂಬುದು. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು ಅಕ್ಷರವನ್ನು ಯಾವ ರೀತಿ ಕೆತ್ತಬೇಕು ಎಂಬುದು. ಅದು ತೀರ್ಮಾನವಾದರೆ ಬಿಟ್, ಅಂದರೆ ಯಂತ್ರಕ್ಕೆ ತೊಡಿಸುವ ಉಳಿ, ಯಾವುದೆಂದು ತಿಳಿಯುತ್ತದೆ. ಬಿಟ್ ತಿಳಿದರೆ ಸಾಫ್ಟ್‌ವೇರಿನ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಕಂಪ್ಯೂಟರಿನ ಆದೇಶದಂತೆ ಕೆತ್ತುವ ಇಂಥ ಪುಟ್ಟ ಸಿಎನ್‌ಸಿ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘3018’ ಎಂದು ಕರೆಯುವ ಮಾದರಿ. 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಕೆಲಸದ ಜಾಗ ಇರುವುದರಿಂದ ಆ ಹೆಸರು. ಮನೆಯ ನಾಮಫಲಕ, ಬಹುಮಾನದ ಹಲಗೆ, ಹಿತ್ತಾಳೆಯ ಸಣ್ಣ ತಗಡು ಇವಿಷ್ಟಕ್ಕೆ ಅದು ಸಾಕು. ಯಂತ್ರದ ಮೋಟಾರುಗಳನ್ನು ನಡೆಸುವುದು ಸಾಮಾನ್ಯವಾಗಿ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ. 2009ರಲ್ಲಿ ಶುರುವಾದ ಇದು ಆರ್ಡುಯಿನೊದಂಥ ಅಗ್ಗದ ಬೋರ್ಡಿನಲ್ಲೇ ಓಡುತ್ತದೆ. ಅದಕ್ಕೆ ಅರ್ಥವಾಗುವ ಜಿ-ಕೋಡ್ 1950ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ನಡೆದ ಪ್ರಯೋಗಗಳ ಸಂತಾನ; ‘ಇಷ್ಟು ಎಡಕ್ಕೆ ಹೋಗು, ಇಷ್ಟು ಕೆಳಗಿಳಿ’ ಎಂಬಂಥ ಸಾಲುಗಳ ಪಟ್ಟಿ. ಹಾಗಾಗಿ ಕಂಪ್ಯೂಟರಿನಲ್ಲಿ ಆಗಬೇಕಾದ ಕೆಲಸ ಮೂರು: ಚಿತ್ರ ಬರೆಯುವುದು, ಚಿತ್ರದಿಂದ ಉಳಿಯ ದಾರಿ ಲೆಕ್ಕ ಹಾಕುವುದು, ಆ ದಾರಿಯನ್ನು ಯಂತ್ರಕ್ಕೆ ಕಳಿಸುವುದು. ಮೂರನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಯಾಂಡಲ್, ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಎರಡೂ ಉಚಿತ. ಯೋಚನೆ ಬೇಕಾಗಿರುವುದು ಮೊದಲ ಎರಡಕ್ಕೆ.

ಅಕ್ಷರ ಕೆತ್ತುವ ರೀತಿಯೂ ಮೂರು. ಪಾತ್ರೆ ಅಂಗಡಿಯ ರೀತಿಯ ಒಂಟಿಗೆರೆ ಮೊದಲನೆಯದು. ಇದಕ್ಕೆ ಅಂಚಿಲ್ಲದ, ಬರೀ ಗೆರೆಯ ಫಾಂಟ್ ಬೇಕು. ಇಂಥ ಗೆರೆ ಅಕ್ಷರಗಳನ್ನು ಎ.ವಿ. ಹರ್ಷಿ ಎಂಬವರು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ 1967ರಷ್ಟು ಹಿಂದೆಯೇ ರೂಪಿಸಿದ್ದರು. ಚಿತ್ರ ಬರೆಯುವ ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಅವು ಇಂದಿಗೂ ಸಿಗುತ್ತವೆ. ಆದರೆ ಆ ಸಂಗ್ರಹದಲ್ಲಿ ರೋಮನ್, ಗ್ರೀಕ್, ರಷ್ಯನ್, ಜಪಾನಿ ಲಿಪಿಗಳಿವೆಯೇ ಹೊರತು ಕನ್ನಡವಿಲ್ಲ. ಕನ್ನಡದ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ಎರಡನೆಯದು ಅಂಚಿನ ಒಳಭಾಗವನ್ನು ಒಂದೇ ಆಳಕ್ಕೆ ತೋಡುವುದು. ಇದಕ್ಕೆ ಚಪ್ಪಟೆ ತುದಿಯ ಎಂಡ್ ಮಿಲ್ ಬೇಕು; ದೊಡ್ಡ ಅಕ್ಷರಕ್ಕೆ ಸರಿ, ಸಣ್ಣ ಒತ್ತಿನ ಸಂದಿಗೆ ಅದು ನುಗ್ಗುವುದಿಲ್ಲ. ಮೂರನೆಯದು ವಿ-ಕಾರ್ವಿಂಗ್. ಮೊನಚಾದ ವಿ-ಬಿಟ್ ಅಕ್ಷರದ ನಟ್ಟನಡುವೆ ಸಾಗುತ್ತಾ, ಗೆರೆ ದಪ್ಪವಿದ್ದಲ್ಲಿ ಆಳಕ್ಕೆ ಇಳಿದು, ತೆಳುವಾದಲ್ಲಿ ಮೇಲೇಳುತ್ತದೆ. ಬಿಟ್ಟಿನ ಕೋನ 60 ಡಿಗ್ರಿ ಇದ್ದರೆ 1 ಮಿ.ಮೀ. ಆಳಕ್ಕೆ ಸುಮಾರು 1.15 ಮಿ.ಮೀ. ಅಗಲದ ಗೆರೆ ಮೂಡುತ್ತದೆ. 90 ಡಿಗ್ರಿಯಾದರೆ 2 ಮಿ.ಮೀ. ದುಂಡಗೆ ಬಾಗುವ, ತಲೆಕಟ್ಟಿನಲ್ಲಿ ತಿರುಗುವ, ಒತ್ತಿನಲ್ಲಿ ಸಣ್ಣದಾಗುವ ಕನ್ನಡಕ್ಕೆ ಹೆಚ್ಚು ಒಗ್ಗುವುದು ಈ ರೀತಿಯೇ. ಒಂದೇ ಬಿಟ್ಟಿನಲ್ಲಿ ದಪ್ಪ ಮೈಯೂ ಮೂಡುತ್ತದೆ, ಒತ್ತಿನ ಚೂಪು ತುದಿಯೂ ಉಳಿಯುತ್ತದೆ.

ಹಾಗಾದರೆ ವಿ-ಕಾರ್ವಿಂಗ್ ಮಾಡುವ ಯಾವುದಾದರೂ ಸಾಫ್ಟ್‌ವೇರಿನಲ್ಲಿ ಹೆಸರು ಟೈಪ್ ಮಾಡಿದರೆ ಮುಗಿಯಿತೇ? ‘ಜ್ಯೋತ್ಸ್ನಾ’ ಎಂದು ಟೈಪ್ ಮಾಡಿ ನೋಡಿ. ತಕಾರದ ಕೆಳಗೆ ಸಕಾರ, ನಕಾರ ಎರಡರ ಒತ್ತೂ ಕೂರಬೇಕು. ಯೂನಿಕೋಡ್ ಅಕ್ಷರಗಳನ್ನು ಕೂಡಿಸುವ ಜಾಣತನ ಆ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ ಒತ್ತುಗಳು ಕಳಚಿ, ಪ್ರತಿ ಅಕ್ಷರವೂ ತನ್ನ ಪಾಡಿಗೆ ನಿಲ್ಲುತ್ತದೆ. ಇಂಕ್‌ಸ್ಕೇಪ್ ಈ ಜೋಡಣೆಯನ್ನು ಸರಿಯಾಗಿ ಮಾಡುತ್ತದೆ. ಅಲ್ಲಿ ಪದವನ್ನು ಬರೆದು, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಗೆರೆಯಾಗಿಸಿ, ಅಕ್ಷರದ ಮೇಲೆ ಒತ್ತು ಏರಿರುವ ಕಡೆ ‘ಯೂನಿಯನ್’ ಮಾಡಿ ಬೆಸೆದರೆ ಅದು ಪಠ್ಯವಾಗಿ ಉಳಿಯುವುದಿಲ್ಲ, ಬರೀ ಆಕಾರವಾಗುತ್ತದೆ. ಆಮೇಲೆ ಅದನ್ನು ಯಾವ ಸಾಫ್ಟ್‌ವೇರಿಗೆ ಒಯ್ದರೂ ಕೆಡುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತಗಳಿಗೂ ಇದೇ ಮದ್ದು. ಒಯ್ಯುವಾಗ ಅಳತೆಯನ್ನು ಮಾತ್ರ ಪರೀಕ್ಷಿಸಬೇಕು. 2017ರಲ್ಲಿ ಬಂದ 0.92 ಆವೃತ್ತಿಯಿಂದ ಇಂಕ್‌ಸ್ಕೇಪ್ ಒಂದು ಇಂಚಿಗೆ 90ರ ಬದಲು 96 ಪಿಕ್ಸೆಲ್ ಎಣಿಸುತ್ತದೆ. ಕಳಿಸುವ ಕಡೆ 96, ಓದುವ ಕಡೆ 90 ಎಂದಾದರೆ 150 ಮಿ.ಮೀ. ಫಲಕ 160 ಮಿ.ಮೀ. ಆಗಿಬಿಡುತ್ತದೆ.

ದುಡ್ಡು ಎಲ್ಲಿ ಹಾಕಬೇಕು ಎಂಬುದಕ್ಕೂ ಬಿಟ್ಟಿನ ಕೋನದ ಲೆಕ್ಕವೇ ದಾರಿ ತೋರಿಸುತ್ತದೆ. ವಿ-ಬಿಟ್ಟಿನಲ್ಲಿ ಆಳವೇ ಅಗಲ. ಹಲಗೆ ಕೂರಿಸುವ ಬೆಡ್ಡಿನ ಒಂದು ಮೂಲೆ 0.2 ಮಿ.ಮೀ. ತಗ್ಗಿದ್ದರೆ 90 ಡಿಗ್ರಿ ಬಿಟ್ಟಿನಲ್ಲಿ ಗೆರೆ 0.4 ಮಿ.ಮೀ. ಸಣಕಲಾಗುತ್ತದೆ, 30 ಡಿಗ್ರಿಯಲ್ಲಿ ಆಗುವ ವ್ಯತ್ಯಾಸ ಕೇವಲ 0.1 ಮಿ.ಮೀ. ಎಷ್ಟೇ ಬೆಲೆಯ ಸಾಫ್ಟ್‌ವೇರ್ ಆದರೂ ಹಲಗೆ ಸಮತಟ್ಟಾಗಿದೆ ಎಂದು ನಂಬಿಯೇ ದಾರಿ ಹಾಕುತ್ತದೆ. ಆದ್ದರಿಂದ ಬೆಡ್ಡಿನ ಮೇಲೆ ಎಂಡಿಎಫ್ ಹಾಸಿ, ಅದನ್ನು ಅದೇ ಯಂತ್ರದಿಂದ ಮಟ್ಟಸ ಮಾಡಿಕೊಳ್ಳುವುದು, ಲೋಹದ ತಗಡಾದರೆ ಮೇಲ್ಮೈಯ ಏರುತಗ್ಗು ಅಳೆದು ಆಳ ಸರಿಪಡಿಸುವ ಕ್ಯಾಂಡಲ್‌ನ ಹೈಟ್‌ಮ್ಯಾಪ್ ಬಳಸುವುದು ಮೊದಲಾಗಬೇಕು. ವೇಗದ್ದೂ ಹೀಗೆಯೇ. ನಿಮಿಷಕ್ಕೆ 10,000 ಸುತ್ತು ತಿರುಗುವ ಒಂದೇ ಅಲಗಿನ ಬಿಟ್ಟನ್ನು ನಿಮಿಷಕ್ಕೆ 400 ಮಿ.ಮೀ. ನಡೆಸಿದರೆ ಪ್ರತಿ ಸುತ್ತಿಗೆ 0.04 ಮಿ.ಮೀ. ಚೂರು ಏಳುತ್ತದೆ. ಹೆದರಿ 100ಕ್ಕೆ ಇಳಿಸಿದರೆ 0.01 ಮಾತ್ರ, ಆಗ ಬಿಟ್ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಹಲಗೆ ಅಕ್ರಿಲಿಕ್ಕಿನದಾದರೆ ಅದು ಕರಗಿ ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ.

ಇಷ್ಟೊಂದು ತಾಪತ್ರಯವೇಕೆ, ಎಲ್ಲವನ್ನೂ ಒಂದೇ ಕಡೆ ಮಾಡುವ ಸಾಫ್ಟ್‌ವೇರ್ ಕೊಂಡರಾಗದೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ವೆಕ್ಟ್ರಿಕ್ ಕಂಪನಿಯ ವಿಕಾರ್ವ್ ಈ ಕೆಲಸದಲ್ಲಿ ಪಳಗಿದ್ದು. ಕೆತ್ತಿದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಪರದೆಯ ಮೇಲೆ ಮೊದಲೇ ತೋರಿಸುತ್ತದೆ. ಫಲಕ ಮಾಡುವುದೇ ಹೊಟ್ಟೆಪಾಡಾದವರಿಗೆ ಉಳಿಯುವ ಸಮಯ ಅದರ ಬೆಲೆಯನ್ನು ತೀರಿಸೀತು. ವಾರಕ್ಕೊಮ್ಮೆ ಯಂತ್ರ ಮುಟ್ಟುವವರಿಗೆ ಉಚಿತವಾದ ಎಫ್-ಎನ್‌ಗ್ರೇವ್ ಸಾಕು. ಇಂಕ್‌ಸ್ಕೇಪಿನಿಂದ ಬಂದ ಡಿಎಕ್ಸ್‌ಎಫ್ ಕಡತವನ್ನು ಓದಿ ಅದು ವಿ-ಕಾರ್ವಿಂಗ್ ದಾರಿ ಹಾಕಿಕೊಡುತ್ತದೆ. ಒಂದೇ ಕಂಪನಿಯನ್ನು ನೆಚ್ಚಿಕೊಳ್ಳುವುದರ ಅಪಾಯವೂ ಸಣ್ಣದಲ್ಲ. ಆಟೊಡೆಸ್ಕ್ ಕಂಪನಿ ತನ್ನ ಫ್ಯೂಷನ್ 360 ಸಾಫ್ಟ್‌ವೇರಿನ ಉಚಿತ ಆವೃತ್ತಿಗೆ 2020ರಲ್ಲಿ ಮಿತಿ ಹಾಕಿದಾಗ, ಕೆತ್ತನೆಯ ನಡುವೆ ಬಿಟ್ ಗಾಳಿಯಲ್ಲಿ ಸರ್ರನೆ ಸಾಗುವ ಸೌಲಭ್ಯವೇ ಕಡಿತವಾಯಿತು. ಚಿತ್ರ ಇಂಕ್‌ಸ್ಕೇಪಿನ ಎಸ್‌ವಿಜಿ ಕಡತದಲ್ಲೂ ದಾರಿ ಜಿ-ಕೋಡಿನಲ್ಲೂ ಬೇರೆ ಬೇರೆ ಇದ್ದರೆ ಒಂದು ಕೊಂಡಿ ಕಳಚಿದರೂ ಉಳಿದವು ಕೆಲಸಕ್ಕೆ ಬರುತ್ತವೆ.

ಇನ್ನು ಕೆಲವರು, ಸಿಎನ್‌ಸಿಯ ಗೋಜೇ ಬೇಡ, ಲೇಸರ್ ಇದೆಯಲ್ಲ ಎನ್ನುತ್ತಾರೆ. ಮರದ ಮೇಲೆ ಸುಟ್ಟು ಬರೆಯಲು ಲೇಸರ್ ವೇಗದ್ದೇ. ಆದರೆ ಅಗ್ಗದ ಡಯೋಡ್ ಲೇಸರಿನ ನೀಲಿ ಬೆಳಕು ಪಾರದರ್ಶಕ ಅಕ್ರಿಲಿಕ್ಕಿನೊಳಗೆ ಹಾಯ್ದು ಹೋಗುತ್ತದೆ, ಹೊಳೆಯುವ ಹಿತ್ತಾಳೆಯಲ್ಲಿ ಆಳದ ಕೆತ್ತನೆ ಮೂಡಿಸುವ ಶಕ್ತಿ ಅದಕ್ಕಿಲ್ಲ. ಬಣ್ಣ ತುಂಬಬಹುದಾದ, ಬೆರಳಿಗೆ ತಗಲುವ ತಗ್ಗು ಬೇಕೆಂದರೆ ಉಳಿಯೇ ಬೇಕು. ಹಾಗಾಗಿ ಹೊಸಬರು ಖರ್ಚನ್ನು ಹೀಗೆ ಹಂಚಿಕೊಳ್ಳುವುದು ಲೇಸು: ಮೊದಲು ಒಳ್ಳೆಯ 60 ಡಿಗ್ರಿ ವಿ-ಬಿಟ್ ಒಂದೆರಡು, ಅಕ್ರಿಲಿಕ್ಕಿಗೆ ಒಂಟಿ ಅಲಗಿನ ಎಂಡ್ ಮಿಲ್, ಹಲಗೆ ಅಲುಗದಂಥ ಕ್ಲ್ಯಾಂಪು, ಕಣ್ಣಿಗೆ ಕನ್ನಡಕ, ಎಂಡಿಎಫ್ ದೂಳಿಗೆ ಮಾಸ್ಕ್. ಸಾಫ್ಟ್‌ವೇರಿಗೆ ಸದ್ಯ ಬಿಡಿಗಾಸೂ ಬೇಡ. ಉಚಿತ ಸರಪಳಿಯಲ್ಲಿ ನಾಲ್ಕು ಫಲಕ ಕೆತ್ತಿದ ಮೇಲೆ ಯಾವ ಹಂತದಲ್ಲಿ ಹೊತ್ತು ಹಾಳಾಗುತ್ತಿದೆ ಎಂಬುದು ಗೊತ್ತಾಗಿರುತ್ತದೆ. ದುಡ್ಡು ಕೊಡಬೇಕೆನಿಸಿದರೆ ಆ ಹಂತಕ್ಕೆ ಮಾತ್ರ ಕೊಡಿ. ಕೊಳ್ಳುವ ಮುನ್ನ ಅದರ ಟ್ರಯಲ್ ಆವೃತ್ತಿಯಲ್ಲಿ ಒತ್ತಿನ ಮೇಲೆ ಒತ್ತಿರುವ ಒಂದು ಹೆಸರನ್ನು ಟೈಪ್ ಮಾಡಿ ನೋಡುವುದು ಒಳ್ಳೆಯದು.