ಹಾಡಿದ ಹಡಗು

ಒಲೆ ಮೇಲೆ ಹಾಲು, ಕುಕ್ಕರಿನ ಸೀಟಿ, ಹಿತ್ತಲಲ್ಲಿ ನಲ್ಲಿನೀರು, ತೊಟ್ಟಿಲಲ್ಲಿ ಮಗು. ಎಲ್ಲದರ ಮೇಲೂ ಒಟ್ಟಿಗೇ ಗಮನವಿಟ್ಟು ಸಂಸಾರ ನಡೆಸುವವರು ನಾವು. ಹಾಗೆಯೇ ಒಂದು ಇಡೀ ಆಕಾಶನೌಕೆಯನ್ನು ಬರೀ ಮಿದುಳಿನಿಂದಲೇ ನಡೆಸುವ ಹೆಣ್ಣಿನ ಕಥೆ ಕೇಳಿದ್ದೀರಾ?

ಅವಳ ಹೆಸರು ಹೆಲ್ವಾ. ಅಮೆರಿಕದ ಲೇಖಕಿ ಆ್ಯನ್ ಮೆಕ್‌ಕ್ಯಾಫ್ರಿ 1961ರಲ್ಲಿ ಬರೆದ ‘ದಿ ಶಿಪ್ ಹೂ ಸ್ಯಾಂಗ್’ ಎಂಬ ವಿಜ್ಞಾನ ಕಥೆಯ ನಾಯಕಿ. 1969ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು.

ಹೆಲ್ವಾ ಹುಟ್ಟುವಾಗ ಮೈ ತೀರ ಊನ, ಬುದ್ಧಿ ಮಾತ್ರ ಬಲು ಚುರುಕು. ಹೆತ್ತವರ ಮುಂದೆ ಎರಡೇ ದಾರಿ: ಮಗುವಿಗೆ ಸಾವು, ಇಲ್ಲವೇ ಯಂತ್ರದೊಳಗಿನ ಬಾಳು. ಅವರು ಬಾಳನ್ನೇ ಆರಿಸುತ್ತಾರೆ. ಕೂಸನ್ನು ಲೋಹದ ಕವಚದಲ್ಲಿಟ್ಟು, ಮಿದುಳಿಗೆ ತಂತಿ ಜೋಡಿಸಿ ಬೆಳೆಸುತ್ತಾರೆ. ಹದಿನಾರಕ್ಕೆ ಅವಳೇ ಹಡಗು! ಅದರ ಯಂತ್ರಗಳೇ ಅವಳ ಕಣ್ಣು, ಕಿವಿ, ಕೈಕಾಲು.

ಆದರೆ ಇದೆಲ್ಲ ಪುಕ್ಕಟೆಯಲ್ಲ ನೋಡಿ. ಸಾಕಿದ, ಓದಿಸಿದ ಖರ್ಚೆಲ್ಲ ಅವಳ ಲೆಕ್ಕಕ್ಕೇ ಸಾಲ. ದುಡಿದು ತೀರಿಸಬೇಕು. ಬೇಕೋ ಬೇಡವೋ ಎಂದು ಆ ಕೂಸನ್ನು ಕೇಳಿದವರಾರು? ಅವಳ ಜೊತೆಗಾರ ಜೆನ್ನನ್, ಸಿಡಿಯುವ ಸೂರ್ಯನೊಂದರಿಂದ ಜನರನ್ನು ಪಾರುಮಾಡುವಾಗ ತೀರಿಕೊಳ್ಳುತ್ತಾನೆ. ಅಷ್ಟು ಬಲದ ಹಡಗು, ಅಳಲು ಕಣ್ಣೀರಿಲ್ಲ. ಅವನ ಅಂತ್ಯಕ್ರಿಯೆಯಲ್ಲಿ ಹೆಲ್ವಾ ಹಾಡುತ್ತಾಳೆ.

ಇದು ಕಥೆ. ಈಗ ನಿಜವಾಗಿ ನಡೆದದ್ದನ್ನು ಕೇಳಿ. ಅಮೆರಿಕದ ಒಬ್ಬ ಮಹಿಳೆಗೆ ಪಾರ್ಶ್ವವಾಯು ಬಡಿದು ಕೈಕಾಲೂ ಮಾತೂ ನಿಂತುಹೋಗಿದ್ದವು. ಕಣ್ಣಿನಿಂದಲೇ ಒಂದೊಂದು ಅಕ್ಷರ ತೋರಿಸಿ ಮಾತಾಡುತ್ತಿದ್ದರು. ವಿಜ್ಞಾನಿಗಳ ಪ್ರಯೋಗಕ್ಕೆ ಅವರು ಒಪ್ಪಿದರು. ಸಣ್ಣ ಮಾತ್ರೆಯಷ್ಟು ಗಾತ್ರದ, 96 ಸೂಕ್ಷ್ಮ ವಿದ್ಯುದ್ವಾರಗಳಿರುವ ಫಲಕವನ್ನು ಅವರ ಮಿದುಳಿನಲ್ಲಿ ಕೂರಿಸಿದರು. 2011ರಲ್ಲಿ, 58ನೇ ವಯಸ್ಸಿನಲ್ಲಿ, ಆಕೆ ‘ಎತ್ತಬೇಕು’ ಎಂದು ಮನಸ್ಸು ಮಾಡಿದ್ದೇ ತಡ, ಯಂತ್ರದ ಕೈ ಕಾಫಿ ಸೀಸೆಯನ್ನು ಎತ್ತಿ ಬಾಯಿಗೆ ತಂದಿತು. ಸುಮಾರು ಹದಿನೈದು ವರ್ಷಗಳ ಮೇಲೆ, ಬೇರೆಯವರ ಹಂಗಿಲ್ಲದೆ ಕುಡಿದ ಮೊದಲ ಗುಟುಕು! ಆಗ ಅವರ ಮುಖದಲ್ಲಿ ನಗು ಮೂಡಿತು.

ಹೆಲ್ವಾಳಿಗೂ ಈಕೆಗೂ ಇರುವ ವ್ಯತ್ಯಾಸ ಇದೇ: ಈಕೆಯನ್ನು ಕೇಳಿದರು, ಈಕೆ ಒಪ್ಪಿದರು.

ನಮ್ಮ ಮನೆಗಳಲ್ಲೂ ಮಾತು ನಿಂತ ಅತ್ತೆಯೋ ಮಾವನೋ ಮಲಗಿರಬಹುದು. ನಮ್ಮ ಬಳಿ ಯಂತ್ರದ ಕೈ ಇಲ್ಲ, ನಿಜ. ಆದರೂ ಲೋಟ ಬಾಯಿಗಿಡುವ ಮುಂಚೆ ಒಂದು ಗಳಿಗೆ ನಿಂತು, “ಈಗ ಕಾಫಿ ಬೇಕಾ?” ಅಂತ ಕೇಳಿ. ಅವರ ಕಣ್ಣನ್ನೇ ನೋಡಿ. ಉತ್ತರ ಅಲ್ಲಿರಬಹುದು.