ವಿಮಾನಚಾಲನೆಯ ವೃತ್ತಿಯೂ ನಮ್ಮ ಹೆಣ್ಣುಮಕ್ಕಳೂ

ಓದು ಮುಗಿಸಿದ ಹೆಣ್ಣುಮಗಳು ಯಾವ ಉದ್ಯೋಗವನ್ನು ಹಿಡಿಯತಕ್ಕದ್ದೆಂಬ ಪ್ರಶ್ನೆಗೆ ಉಪಾಧ್ಯಾಯಿನಿ, ದಾದಿ, ವೈದ್ಯೆ ಎಂಬ ಮೂರು ಉತ್ತರಗಳೇ ಸಾಕಾಗಿದ್ದ ಕಾಲವೊಂದಿತ್ತು. ಆ ಮೂರರ ಗೌರವವು ಇಂದಿಗೂ ಕುಂದಿಲ್ಲ. ಮಿಶನ್ ಶಾಲೆಗಳ ಕೀರ್ತಿಗೆ ಅವೇ ಆಧಾರಸ್ತಂಭಗಳೆಂದರೂ ತಪ್ಪಾಗದು. ಆದರೆ ಈಗ ಬಾಗಿಲುಗಳು ಹೆಚ್ಚಿವೆ. ಹತ್ತನೆಯ ತರಗತಿಯ ಹುಡುಗಿಯು ತಾನು ದೊಡ್ಡ ಕಂಪೆನಿಯ ವಿಮಾನವನ್ನು ನಡಿಸುವೆನೆಂದು ಹೇಳಿದರೆ, ಅದು ಮಕ್ಕಳ ಮಾತೆಂದು ನಕ್ಕುಬಿಡುವಂತಿಲ್ಲ. ಹಾಗೆಂದು ಕೇಳಿದ ಮರುದಿನವೇ ತೋಟವನ್ನು ಅಡವಿಡುವಂತೆಯೂ ಇಲ್ಲ. ಈ ವೃತ್ತಿಗೆ ಜನರನ್ನು ಹೇಗೆ ಆರಿಸುತ್ತಾರೆ, ಸೇರಿದ ಮೇಲೆ ಏಳಿಗೆ ಹೇಗೆ, ತೊಡಕುಗಳು ಎಲ್ಲಿವೆ ಎಂಬದನ್ನು ತಾಯಿತಂದೆಗಳೂ ಪೂರ್ವವಿದ್ಯಾರ್ಥಿನಿಯರೂ ತಿಳಿದಿರುವದು ಒಳ್ಳೇದೆಂದು ಎಣಿಸಿ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೊದಲು, ಇದು ಹೆಣ್ಣಿಗೆ ಸಲ್ಲುವ ಕೆಲಸವೋ ಎಂಬ ಸಂದೇಹವನ್ನು ತೀರಿಸಿಕೊಳ್ಳೋಣ. ಅಮೇರಿಕ ದೇಶದಲ್ಲಿ ಹೆಲೆನ್ ರಿಚೀ ಎಂಬವರನ್ನು ಸೆಂಟ್ರಲ್ ಏರ್‌ಲೈನ್ಸ್ ಎಂಬ ಕಂಪೆನಿಯು 1934ರಲ್ಲಿ ಚಾಲಕಿಯಾಗಿ ನೇಮಿಸಿಕೊಂಡಿತು. ಆದರೆ ಚಾಲಕರ ಸಂಘವು ಅವರನ್ನು ಒಳಗೆ ಸೇರಿಸಿಕೊಳ್ಳದೆ ಹೋದದರಿಂದ ಮರುವರ್ಷವೇ ಅವರು ಕೆಲಸ ಬಿಟ್ಟರು. ನಮ್ಮ ದೇಶದಲ್ಲಿ 1936ರಲ್ಲಿ ಸರಳಾ ಠಕ್ರಾಲ್ ಎಂಬ ತರುಣಿಯು ಲಾಹೋರಿನಲ್ಲಿ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನವನ್ನು ಒಂಟಿಯಾಗಿ ಹಾರಿಸಿದರು. 1947ರಲ್ಲಿ ಪ್ರೇಮ್ ಮಾಥುರ್ ಅವರು ವಾಣಿಜ್ಯ ವಿಮಾನಚಾಲನೆಯ ಲೈಸನ್ಸನ್ನು ಪಡೆದರು. ಹೆಣ್ಣೆಂಬ ಕಾರಣದಿಂದ ಹಲವು ಕಂಪೆನಿಗಳು ನಿರಾಕರಿಸಿದ ಮೇಲೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವರಿಗೆ ಕೆಲಸ ಕೊಟ್ಟಿತು. 1966ರಲ್ಲಿ ದುರ್ಬಾ ಬ್ಯಾನರ್ಜಿ ಅವರು ಇಂಡಿಯನ್ ಏರ್‌ಲೈನ್ಸಿನ ಮೊದಲನೆಯ ಚಾಲಕಿಯಾದರು. 1985ರಲ್ಲಿ ಸೌದಾಮಿನಿ ದೇಶಮುಖ್ ಅವರ ನಾಯಕತ್ವದಲ್ಲಿ ಹೆಂಗಸರೇ ಎಲ್ಲಾ ಕೆಲಸವನ್ನೂ ವಹಿಸಿಕೊಂಡ ವಿಮಾನವೊಂದು ಕಲ್ಕತ್ತೆಯಿಂದ ಸಿಲ್ಚಾರಿಗೆ ಹಾರಿತು. 2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ಅವರೂ ಅವರ ಜೊತೆಯ ಚಾಲಕಿಯರೂ ಏರ್ ಇಂಡಿಯಾದ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮಾರ್ಗವಾಗಿ ನೇರವಾಗಿ ಬೆಂಗಳೂರಿಗೆ ತಂದಿಳಿಸಿದರು. ಭಾರತದ ಕಂಪೆನಿಗಳ ಚಾಲಕರಲ್ಲಿ ಈಗ ನೂರಕ್ಕೆ ಸುಮಾರು 15 ಮಂದಿ ಹೆಂಗಸರು. ಲೋಕದ ಸರಾಸರಿಯಾದರೋ ಇದರ ಅರ್ಧಕ್ಕೂ ಕಡಿಮೆ. ಆದುದರಿಂದ ಹೆಣ್ಣಾದವಳಿಗೆ ಇದು ಆಗುವದೋ ಎಂಬ ಪ್ರಶ್ನೆ ತೀರಿಹೋಗಿದೆ. ಉಳಿದಿರುವದು, ಈ ಹುಡುಗಿಗೆ ಈ ಮನೆಯಿಂದ ಇದು ಆಗುವದೋ ಎಂಬ ಪ್ರಶ್ನೆ.

ಲೈಸನ್ಸಿನ ದಾರಿ ಹೀಗಿದೆ. ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿ ಪಿ. ಯು. ಸಿ. ತೇರ್ಗಡೆಯಾಗಿರುವದು ಇದುವರೆಗಿನ ವಾಡಿಕೆಯ ನಿಯಮ. ಬೇರೆ ವಿಷಯಗಳನ್ನು ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳಲ್ಲಿ ಪರೀಕ್ಷೆ ಕೊಟ್ಟು ಕೊರತೆಯನ್ನು ತುಂಬಿಕೊಳ್ಳುವದುಂಟು. ವಾಣಿಜ್ಯ ಲೈಸನ್ಸಿಗೆ 18 ವರ್ಷ ತುಂಬಿರಬೇಕು. ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಡಿಸುವ ಪರೀಕ್ಷೆಗಳಲ್ಲಿ ಮಾರ್ಗಶೋಧನೆ, ಹವಾಮಾನ, ವಿಮಾನಯಾನದ ನಿಯಮಗಳು, ವಿಮಾನದ ಯಂತ್ರಭಾಗ ಮುಂತಾದ ವಿಷಯಗಳಿರುತ್ತವೆ. ಪ್ರತಿಯೊಂದರಲ್ಲಿಯೂ ನೂರಕ್ಕೆ 70 ಅಂಕ ಬಾರದೆ ತೇರ್ಗಡೆಯಿಲ್ಲ. ರೇಡಿಯೋದಲ್ಲಿ ಮಾತಾಡುವದಕ್ಕೆ ಬೇರೊಂದು ಲೈಸನ್ಸು ಬೇಕು. ಇದಲ್ಲದೆ ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆಯನ್ನು ತಾನೇ ಹೊತ್ತು ಹಾರಿರಬೇಕು. ರಾತ್ರಿಯ ಹಾರಾಟವೂ, ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರುವ ಅಭ್ಯಾಸವೂ ಇರಬೇಕು.

ಇವೆಲ್ಲಕ್ಕೂ ಮೊದಲು ಮಾಡಿಸಬೇಕಾದದ್ದು ದೇಹಪರೀಕ್ಷೆ. ಎರಡನೆಯ ದರ್ಜೆಯ ಪರೀಕ್ಷೆ ಮೊದಲಾಗುತ್ತದೆ, ಆ ಮೇಲೆ ಒಂದನೆಯ ದರ್ಜೆಯದು. ಇದನ್ನು ಮಾಡುವ ಸ್ಥಳಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಸಂಸ್ಥೆಯೂ ಒಂದು. ಕನ್ನಡಕವಿದ್ದ ಮಾತ್ರಕ್ಕೆ ಅಡ್ಡಿಯಿಲ್ಲ. ಬಣ್ಣಗಳ ಭೇದ ತಿಳಿಯದ ಕಣ್ಣಿಗೂ ಕೆಲವು ರೋಗಗಳಿಗೂ ಅಡ್ಡಿಯುಂಟು. ಹಣ ಕಟ್ಟಿ ಶಾಲೆಗೆ ಸೇರಿದ ಮೇಲೆ ದೇಹದ ದೋಷವು ಬಯಲಾದರೆ ಆಗುವ ದುಃಖವು ದೊಡ್ಡದು. ಆದಕಾರಣ ಒಂದು ರೂಪಾಯಿ ಶುಲ್ಕವನ್ನು ಕೊಡುವದಕ್ಕೆ ಮುಂಚೆ ಎರಡು ದರ್ಜೆಗಳ ಪರೀಕ್ಷೆಯನ್ನೂ ಮಾಡಿಸತಕ್ಕದ್ದು.

ಇನ್ನು ಖರ್ಚಿನ ಮಾತು. ಬುರುಜನ್ನು ಕಟ್ಟಬೇಕೆಂದವನು ಮೊದಲು ಕೂತು ಲೆಕ್ಕ ನೋಡಬೇಕೆಂಬ ಸಾಮ್ಯವನ್ನು ನಮ್ಮ ಮಕ್ಕಳು ಸತ್ಯವೇದದ ಪಾಠದಲ್ಲಿ ಕೇಳಿದ್ದಾರೆ. ಅದು ಈ ವೃತ್ತಿಗೆ ಒಪ್ಪುವಷ್ಟು ಬೇರೆ ಯಾವದಕ್ಕೂ ಒಪ್ಪಲಾರದು. ವೈದ್ಯೆಗೂ ಇಂಜಿನಿಯರಳಿಗೂ ಸರಕಾರಿ ಕಾಲೇಜುಗಳಲ್ಲಿ ಕಡಿಮೆ ಶುಲ್ಕದ ಸ್ಥಾನಗಳು ಉಂಟು. ವಿಮಾನಚಾಲನೆಯಲ್ಲಿ ಅಂತಹ ಸೌಕರ್ಯವು ಬಹಳ ಸ್ವಲ್ಪ. ಲೈಸನ್ಸಿನವರೆಗೆ ಸಾಮಾನ್ಯವಾಗಿ 50 ಲಕ್ಷ ರೂಪಾಯಿಯ ಸುತ್ತುಮುತ್ತು ಬೇಕಾಗುತ್ತದೆ. ಬಳಿಕ ಏರ್‌ಬಸ್ 320 ಅಥವಾ ಬೋಯಿಂಗ್ 737ರಂತಹ ನಿರ್ದಿಷ್ಟ ವಿಮಾನವನ್ನು ನಡಿಸುವದಕ್ಕೆ ಸಿಮ್ಯುಲೇಟರಿನಲ್ಲಿ ಪಡೆಯುವ ವಿಶೇಷ ಅರ್ಹತೆಗೆ ಇನ್ನೂ ಹಲವು ಲಕ್ಷಗಳು ಬೇಕು. ಕಂಪೆನಿಗಳೇ ನಡಿಸುವ ಕೆಡೆಟ್ ಯೋಜನೆಗಳಲ್ಲಿ ಎಲ್ಲವೂ ಸೇರಿ ಒಂದು ಕೋಟಿಯನ್ನು ಮುಟ್ಟುವದೂ ಮೀರುವದೂ ಉಂಟು. ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕಿನವರು ಮನೆಯನ್ನೋ ಭೂಮಿಯನ್ನೋ ಆಧಾರವಾಗಿ ಕೇಳುತ್ತಾರೆ. ಸಂಬಳ ಒಂದು ಕಾಸೂ ಬರುವ ಮೊದಲೇ ಈ ಭಾರವೆಲ್ಲ ಮನೆಯವರ ತಲೆಯ ಮೇಲೆ ಬೀಳುತ್ತದೆಂಬದನ್ನು ಮರೆಯಬಾರದು.

ಶಾಲೆಯ ಆಯ್ಕೆಯಲ್ಲಿಯೂ ಜಾಗ್ರತೆ ಬೇಕು. ಉತ್ತರಪ್ರದೇಶದ ಫುರ್ಸತ್‌ಗಂಜಿನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯು ಕೇಂದ್ರ ಸರಕಾರದ ಸಂಸ್ಥೆ, ಪ್ರವೇಶಪರೀಕ್ಷೆಯಿಂದ ಆರಿಸಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನ ಸರಕಾರಿ ಶಾಲೆಯು ಹಳೆಯದು. 2021ರಲ್ಲಿ ಬೆಳಗಾವಿ, ಕಲಬುರಗಿ ವಿಮಾನನಿಲ್ದಾಣಗಳಲ್ಲಿಯೂ ಇಂತಹ ಶಾಲೆಗಳಿಗೆ ಸ್ಥಳ ಕೊಡಲ್ಪಟ್ಟಿತು. ಮಹಾನಿರ್ದೇಶನಾಲಯವು 2025ರಲ್ಲಿ ದೇಶದ ಶಾಲೆಗಳನ್ನು ದರ್ಜೆಗಳಾಗಿ ವಿಂಗಡಿಸಿ ಪ್ರಕಟಿಸಿತು. ಜಾಹೀರಾತನ್ನು ಬಿಟ್ಟು ಆ ಪಟ್ಟಿಯನ್ನು ನೋಡಿರಿ. ಶಾಲೆಗೆ ಹೋಗಿ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಶಿಕ್ಷಕರೆಷ್ಟು, ಒಬ್ಬ ವಿದ್ಯಾರ್ಥಿಗೆ 200 ಗಂಟೆ ಮುಗಿಯುವದಕ್ಕೆ ಹಿಡಿದ ತಿಂಗಳುಗಳೆಷ್ಟು ಎಂದು ಈಗ ಕಲಿಯುತ್ತಿರುವವರನ್ನೇ ಕೇಳಿರಿ.

ಇಷ್ಟಾದ ಮೇಲೆ ಕೈಗೆ ಬರುವದು ಲೈಸನ್ಸೇ ಹೊರತು ಕೆಲಸವಲ್ಲ. ಈ ಭೇದವನ್ನು ಅರಿಯದೆ ಅನೇಕ ಮನೆಯವರು ಕಷ್ಟಕ್ಕೆ ಬಿದ್ದಿದ್ದಾರೆ. 2023ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 1,600ಕ್ಕೆ ಮಿಕ್ಕಿದ ವಾಣಿಜ್ಯ ಲೈಸನ್ಸುಗಳು ಕೊಡಲ್ಪಟ್ಟವು. ಅಷ್ಟು ಮಂದಿಗೂ ಆ ವರ್ಷವೇ ಸ್ಥಾನವಿರಲಾರದು. ಕಂಪೆನಿಗಳಿಗೆ ಕೊರತೆಯಿರುವದು ಹೆಚ್ಚಾಗಿ ಅನುಭವಶಾಲಿಗಳಾದ ಕ್ಯಾಪ್ಟನರದು. 200 ಗಂಟೆಯ ಹೊಸಬರು ಸರದಿಯಲ್ಲಿ ನಿಲ್ಲುತ್ತಾರೆ. ಪತ್ರಿಕೆಗಳು ಪೈಲಟರ ಅಭಾವವೆಂದು ಬರೆಯುವಾಗ ಈ ಎರಡನ್ನು ಬೇರ್ಪಡಿಸಿ ಓದತಕ್ಕದ್ದು. ಆಯ್ಕೆಯಲ್ಲಿ ಬರಹದ ಪರೀಕ್ಷೆ, ಕೈ ಕಣ್ಣು ಬುದ್ಧಿಗಳು ಕೂಡಿ ಕೆಲಸ ಮಾಡುವವೋ ಎಂದು ನೋಡುವ ಪರೀಕ್ಷೆ, ಮನಸ್ಸಿನ ಸ್ಥಿರತೆಯ ಪರೀಕ್ಷೆ, ಸಂದರ್ಶನ, ಕೆಲವೆಡೆ ಸಿಮ್ಯುಲೇಟರಿನಲ್ಲಿ ಹಾರಾಟದ ಪರೀಕ್ಷೆ ಇರುತ್ತವೆ. ಸೇರಿಸಿಕೊಂಡ ಕಂಪೆನಿಯು ಇಷ್ಟು ವರ್ಷ ಬಿಟ್ಟುಹೋಗಕೂಡದೆಂದು ಕರಾರು ಬರೆಸಿಕೊಳ್ಳುವದೂ ಉಂಟು.

ಸೇರಿದವಳು ಮೊದಲು ಫಸ್ಟ್ ಆಫೀಸರ್, ಅಂದರೆ ಬಲಗಡೆಯ ಆಸನದ ಸಹಚಾಲಕಿ. ಒಟ್ಟು 1,500 ಗಂಟೆಗಳ ಅನುಭವವೂ 21 ವರ್ಷ ವಯಸ್ಸೂ ಇದ್ದು, ಇನ್ನಷ್ಟು ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಉಚ್ಚ ದರ್ಜೆಯ ಲೈಸನ್ಸು ದೊರೆಯುತ್ತದೆ. ಅದಿಲ್ಲದೆ ಕ್ಯಾಪ್ಟನ್ ಆಗುವಂತಿಲ್ಲ. ಅದಿದ್ದರೂ ಕಂಪೆನಿಯು ತನ್ನದೇ ಅಳತೆಯಲ್ಲಿ ತೂಗಿ ನೋಡಿ, ಸ್ಥಾನ ತೆರವಾದಾಗ ಎಡಗಡೆಯ ಆಸನವನ್ನು ಕೊಡುತ್ತದೆ. ಮುಂದೆ ಇತರರಿಗೆ ತರಬೇತಿ ಕೊಡುವ ಮತ್ತು ಪರೀಕ್ಷಿಸುವ ಪದವಿಗಳಿವೆ. ಅಮೇರಿಕದ ದೊಡ್ಡ ಕಂಪೆನಿಗಳಲ್ಲಿ ಕೆಲಸಕ್ಕೆ ಸೇರಿದ ದಿನದ ಹಿರಿತನವೇ ಮಾರ್ಗವನ್ನೂ ರಜೆಯನ್ನೂ ಬಡತಿಯನ್ನೂ ಗೊತ್ತುಮಾಡುತ್ತದೆ. ಕಂಪೆನಿಯನ್ನು ಬದಲಾಯಿಸಿದವನು ಪಟ್ಟಿಯ ಕೊನೆಗೆ ಹೋಗಿ ನಿಲ್ಲಬೇಕು. ನಮ್ಮಲ್ಲಿ ಈ ಕಟ್ಟು ಅಷ್ಟು ಬಿಗಿಯಾಗಿಲ್ಲವಾದರೂ ಹಿರಿತನಕ್ಕೆ ಬೆಲೆಯುಂಟು. ಸಹಚಾಲಕಿಗೆ ತಿಂಗಳಿಗೆ ಲಕ್ಷಕ್ಕೆ ಮೀರಿದ ಸಂಬಳವೂ ಕ್ಯಾಪ್ಟನಿಗೆ ಅದರ ಕೆಲವು ಪಾಲೂ ದೊರೆಯುತ್ತದೆ. ಸಂಬಳವು ದರ್ಜೆಗೂ ಹಾರಿದ ಗಂಟೆಗಳಿಗೂ ತಕ್ಕಂತೆ ಇರುವದರಿಂದ ಹೆಣ್ಣಿಗೆ ಬೇರೆ, ಗಂಡಿಗೆ ಬೇರೆ ಎಂಬ ಭೇದವಿಲ್ಲ. 65 ವರ್ಷ ತುಂಬಿದ ಮೇಲೆ ಕಂಪೆನಿಯ ವಿಮಾನವನ್ನು ನಡಿಸಲಾಗದು. ಅದುವರೆಗೂ ದೇಹಪರೀಕ್ಷೆಯೂ ಸಿಮ್ಯುಲೇಟರಿನ ಪರೀಕ್ಷೆಯೂ ಮರಳಿ ಮರಳಿ ಬರುತ್ತಲೇ ಇರುವವು. ಮೂವತ್ತು ವರ್ಷ ದುಡಿದವಳೂ ವಿದ್ಯಾರ್ಥಿನಿಯೇ ಸರಿ.

ಮುಂದಿನ ಕಾಲ ಹೇಗಿದ್ದೀತೆಂದು ಕೇಳಿದರೆ, ಎರಡು ಕಡೆಯನ್ನೂ ಹೇಳಬೇಕು. 1932ರಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳನ್ನು ಹೊತ್ತು ಹಾರಿದ ಆ ಕಂಪೆನಿಯೇ ಏರ್ ಇಂಡಿಯಾ ಆಗಿ, 1953ರಲ್ಲಿ ಸರಕಾರಕ್ಕೆ ಸೇರಿ, 2022ರಲ್ಲಿ ಮರಳಿ ಟಾಟಾ ಮನೆತನದ ಕೈಗೆ ಬಂತು. 2023ರಲ್ಲಿ ಅದು 470 ವಿಮಾನಗಳನ್ನೂ, ಇಂಡಿಗೋ ಕಂಪೆನಿಯು 500 ವಿಮಾನಗಳನ್ನೂ ಬೇಕೆಂದು ಒಪ್ಪಂದ ಮಾಡಿಕೊಂಡವು. ಇವೆಲ್ಲ ಒಂದೇ ವರ್ಷದಲ್ಲಿ ಬರತಕ್ಕವಲ್ಲ. ಆದರೂ ಬಂದ ಪ್ರತಿಯೊಂದಕ್ಕೂ ಹಲವು ಜೊತೆ ಚಾಲಕರು ಬೇಕು. ಇದು ಒಂದು ಕಡೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿಯೂ, ಜೆಟ್ ಏರ್‌ವೇಸ್ 2019ರಲ್ಲಿಯೂ, ಗೋ ಫಸ್ಟ್ 2023ರಲ್ಲಿಯೂ ನಿಂತುಹೋದವು. 2020ರ ಮಹಾವ್ಯಾಧಿಯಲ್ಲಿ ಲೋಕದ ವಿಮಾನಗಳೆಲ್ಲ ನೆಲಕ್ಕಿಳಿದವು. ಆ ದಿನಗಳಲ್ಲಿ ಸಾಲದ ಕಂತು ನಿಲ್ಲಲಿಲ್ಲ, ಸಂಬಳ ನಿಂತಿತು. ಇದು ಇನ್ನೊಂದು ಕಡೆ.

ಕೆಲಸದ ಭಾರವನ್ನೂ ಅರಿಯಬೇಕು. ಒಬ್ಬ ಚಾಲಕಿ ಒಂದು ವರ್ಷದಲ್ಲಿ 1,000 ಗಂಟೆಗಿಂತ ಹೆಚ್ಚು ಹಾರಕೂಡದು. ದಣಿವಿನಿಂದಾಗುವ ಅಪಾಯವನ್ನು ತಡೆಯುವದಕ್ಕಾಗಿ 2025ರಲ್ಲಿ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿ, ರಾತ್ರಿಯ ಇಳಿತಗಳನ್ನು ಕಡಿಮೆ ಮಾಡುವ ನಿಯಮಗಳು ಜಾರಿಗೆ ಬಂದವು. ಆ ವರ್ಷದ ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ಪ್ರಯಾಣಗಳು ರದ್ದಾದಾಗ, ಹೊಸ ನಿಯಮಕ್ಕೆ ಸಾಕಾಗುವಷ್ಟು ಚಾಲಕರನ್ನು ಹೊಂದಿಸಿಕೊಳ್ಳದೆ ಇದ್ದದ್ದೇ ಅದರ ಮುಖ್ಯ ಕಾರಣವಾಯಿತು. ಸರಕಾರವು ಕೆಲವು ನಿಯಮಗಳನ್ನು ಆ ಕಂಪೆನಿಗೆ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಚಾಲಕಿಯ ನಿದ್ರೆಯು ಆಕೆಯ ಸ್ವಂತ ಸುಖದ ಮಾತಲ್ಲ, ಹಿಂದೆ ಕುಳಿತವರ ಪ್ರಾಣದ ಮಾತು.

ಇದನ್ನು ಕರಾವಳಿಯ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. 2010ನೆಯ ಇಸವಿ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ವಿಮಾನವು ಮಂಗಳೂರಿನ ಬಜಪೆಯ ಗುಡ್ಡದ ಮೇಲಣ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ಗತಿಸಿದರು. ಉಳಿದವರು ಎಂಟೇ ಮಂದಿ. ಕ್ಯಾಪ್ಟನರು ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದರೆಂದೂ, ವಿಮಾನವು ತಕ್ಕ ಎತ್ತರದಲ್ಲಿಲ್ಲವೆಂದು ಕಂಡ ಸಹಚಾಲಕರು ಇಳಿಯದೆ ಮರಳಿ ಏರಬೇಕೆಂದು ಒಂದಕ್ಕಿಂತ ಹೆಚ್ಚು ಸಾರಿ ಹೇಳಿದರೂ ಅದು ನಡೆಯಲಿಲ್ಲವೆಂದೂ ವಿಚಾರಣೆಯಲ್ಲಿ ತಿಳಿದುಬಂತು. ಹಿರಿಯರು ತಪ್ಪುವಾಗ ಕಿರಿಯರು ಮರ್ಯಾದೆ ಬಿಡದೆ, ಆದರೆ ಅಂಜದೆ, ಸ್ಪಷ್ಟವಾಗಿ ಹೇಳಬೇಕು. ಹೇಳಿದ್ದನ್ನು ಹಿರಿಯರು ಕೇಳಬೇಕು. ಇಂದು ಕಂಪೆನಿಗಳು ತರಬೇತಿಯಲ್ಲಿ ಮರಳಿ ಮರಳಿ ಕಲಿಸುವದು ಇದನ್ನೇ. ಎದುರುಮಾತಾಡಬೇಡವೆಂದೇ ಬೆಳೆಸಿದ ಹುಡುಗಿಗೆ ಈ ಒಂದು ಪಾಠವು ಗಣಿತಕ್ಕಿಂತಲೂ ಕಠಿನವಾಗಬಹುದು. ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ, ಕಂಡ ಸತ್ಯವನ್ನು ನಿಧಾನವಾಗಿ ಹೇಳುವ ಮಗುವನ್ನು ಗದರಿಸದೆ ಕೇಳುವ ಅಭ್ಯಾಸವಾದರೆ, ಈ ವೃತ್ತಿಗೆ ಬೇಕಾದ ಮೊದಲನೆಯ ತರಬೇತಿಯನ್ನು ನಾವೇ ಕೊಟ್ಟಂತಾಗುವದು.

ಮದುವೆ, ಮಕ್ಕಳು ಎಂಬ ವಿಷಯವೂ ಉಂಟಷ್ಟೆ. 2017ರ ತಿದ್ದುಪಡಿಯಿಂದ ಹೆರಿಗೆಯ ಸಂಬಳಸಹಿತ ರಜೆಯು 26 ವಾರಗಳಾಯಿತು. ಆದರೆ ಕಾನೂನು ತೊಟ್ಟಿಲನ್ನು ತೂಗಲಾರದು. ಬೆಳಗಿನ ಮೂರು ಗಂಟೆಗೆ ಹೊರಡುವ, ಹಬ್ಬದ ದಿನ ಪರವೂರಲ್ಲಿರುವ ಸೊಸೆಯನ್ನು ಸಂತೋಷದಿಂದ ಕಳುಹಿಸಿಕೊಡುವ ಮನೆ ಬೇಕು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅತ್ತೆಯರಾಗಿರುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇವೆ.

ಕಡೆಯದಾಗಿ ತಾಯಿತಂದೆಗಳಿಗೆ ನಮ್ಮ ಸಲಹೆ ಇಷ್ಟೇ. ಮೊದಲು ದೇಹಪರೀಕ್ಷೆ, ಆ ಮೇಲೆ ಮನೆಯಲ್ಲಿದ್ದುಕೊಂಡೇ ಓದಿ ಬರೆಯಬಹುದಾದ ಪರೀಕ್ಷೆಗಳು, ಅವುಗಳಲ್ಲಿ ಆಕೆಯ ಶ್ರದ್ಧೆಯನ್ನು ನೋಡಿ ಬಳಿಕ ಹಾರಾಟದ ಹಣ. ಲೈಸನ್ಸು ಬಂದ ಮೇಲೆ ಎರಡು ವರ್ಷ ಕೆಲಸ ಸಿಕ್ಕದಿದ್ದರೂ ಕಂತು ಕಟ್ಟುವ ಶಕ್ತಿಯಿದ್ದರೆ ಮಾತ್ರ ಸಾಲ. ಜೊತೆಗೊಂದು ಪದವಿಯನ್ನೂ ಓದಿಸಿರಿ; ಕಂಪೆನಿ ನಿಂತರೂ ದೇಹವು ಕೈಕೊಟ್ಟರೂ ಅದು ಊರುಗೋಲಾಗುವದು. ಲೆಕ್ಕವು ಹೊಂದದಿದ್ದರೆ ದುಃಖಪಡಬೇಡಿರಿ. ವಿಮಾನಸಂಚಾರವನ್ನು ನೆಲದಿಂದ ನಿಯಂತ್ರಿಸುವ ಸರಕಾರಿ ಹುದ್ದೆಗಳಿವೆ, ವಿಮಾನಗಳನ್ನು ಸರಿಪಡಿಸುವ ಇಂಜಿನಿಯರಿಕೆಯಿದೆ. ಅವುಗಳ ಖರ್ಚು ಕಡಿಮೆ, ಗೌರವ ಕಡಿಮೆಯಲ್ಲ. ಲೆಕ್ಕವು ಹೊಂದಿ, ದೇಹವೂ ಮನಸ್ಸೂ ಒಪ್ಪಿದರೆ, ಹೆಣ್ಣೆಂಬ ಒಂದೇ ಕಾರಣಕ್ಕಾಗಿ ಆಕೆಯನ್ನು ತಡೆಯಬೇಡಿರಿ. ಪ್ರೇಮ್ ಮಾಥುರ್ ಅವರಿಗೆ ಮುಚ್ಚಿದ್ದ ಬಾಗಿಲುಗಳು ಇಂದು ತೆರೆದಿವೆ. ಅವುಗಳನ್ನು ಮನೆಯವರೇ ಮುಚ್ಚುವದು ಯೋಗ್ಯವಲ್ಲ.