ಗಲ್ಲೆಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ



ಹೋಟೆಲಿನ ಖರ್ಚು ಹೇಗೆ ತಗ್ಗಿಸಬೇಕು ಎಂದು ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತಾಗಿದೆ. ಗ್ಯಾಸ್, ಎಣ್ಣೆ, ತೆಂಗಿನಕಾಯಿ, ಕೆಲಸಗಾರರ ಸಂಬಳ, ಜಿಎಸ್‌ಟಿ ಎಲ್ಲವೂ ಬಂದು ಹೋಗಿದೆ. ಆದರೆ ಮಾಲಕನ ಮನೆಯ ಖರ್ಚು, ಅವನ ಸ್ವಂತ ಹೆಸರಿನಲ್ಲಿರುವ ಸಾಲ, ಇವುಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮರ್ಯಾದೆಯ ಪ್ರಶ್ನೆ. ನಾವೂ ಬಹಳ ಕಾಲ ಬಿಡಲಿಲ್ಲ. ಈಗ ಸಾಲ ತೀರಿದೆ, ಹಾಗಾಗಿ ಧೈರ್ಯದಿಂದ ಬರೆಯುತ್ತಿದ್ದೇವೆ. ಹತ್ತನೇ ತರಗತಿ ಓದಿದವರ ಲೆಕ್ಕ ಇದು. ದೊಡ್ಡ ಶಾಸ್ತ್ರ ಏನೂ ಇಲ್ಲ.

ಸಾಲ ಆದದ್ದು ಹೇಗೆ

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು. ಮಹಾರಾಷ್ಟ್ರದಲ್ಲಿ ಗಿರಾಕಿಯನ್ನು ಕೂರಿಸಿ ಬಡಿಸಲು ಮತ್ತೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಮೇಜಿಗೆ. 2021ರ ಏಪ್ರಿಲ್‌ನಲ್ಲಿ ಪುನಃ ಪಾರ್ಸೆಲ್ ಮಾತ್ರ. ಆ ದಿನಗಳಲ್ಲಿ ಥಾಣೆ ಕಡೆಯ ನಮ್ಮ ಚಿಕ್ಕ ಹೋಟೆಲಿನ ಬಾಡಿಗೆ ನಿಲ್ಲಲಿಲ್ಲ, ಊರಿಗೆ ಹೋಗಲಾಗದೆ ಉಳಿದ ಹುಡುಗರ ಊಟ ನಿಲ್ಲಲಿಲ್ಲ. ನಮ್ಮ ಮನೆಯವರು ಕೇಳುವ ಮೊದಲೇ ಬಳೆ, ಸರ ತೆಗೆದುಕೊಟ್ಟರು. ಅಡವಿಟ್ಟೆವು. ಅದೂ ಸಾಲದೆ ಒಬ್ಬ ಖಾಸಗಿ ಫೈನಾನ್ಸಿನವರಲ್ಲಿ ತೆಗೆದುಕೊಂಡೆವು. ಅದನ್ನು ಮಾತ್ರ ಮನೆಯಲ್ಲಿ ಹೇಳಲಿಲ್ಲ.

ಬ್ಯಾಂಕಿನವರು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಕಟ್ಟದಿದ್ದರೂ ಆಗುತ್ತದೆ ಎಂದರು. ನಾವು ಬಡ್ಡಿಯೂ ಮಾಫಿ ಎಂದೇ ತಿಳಿದೆವು. ನಮ್ಮ ಹಾಗೆ ತಿಳಿದವರು ಬಹಳ ಮಂದಿ. ಕಂತು ಮುಂದೆ ಹೋಯಿತೇ ಹೊರತು ಬಡ್ಡಿ ನಿಂತಿರಲಿಲ್ಲ. ಅದು ಅಸಲಿಗೆ ಸೇರಿ ಮನೆ ಸಾಲದ ಅವಧಿ ಉದ್ದವಾಯಿತು.

2021ರ ಡಿಸೆಂಬರಿನ ಒಂದು ಭಾನುವಾರ ಫೈನಾನ್ಸಿನ ವಸೂಲಿಯವ ಮನೆಗೇ ಬಂದ. ಬಾಗಿಲು ತೆಗೆದವರು ನಮ್ಮ ತಾಯಿ. ಆ ರಾತ್ರಿ ಎಲ್ಲವನ್ನೂ ಹೇಳಲೇಬೇಕಾಯಿತು. ನಮ್ಮ ಮನೆಯವರು ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದರು: "ಗಲ್ಲೆಯ ಲೆಕ್ಕ ರಾತ್ರಿ ಹನ್ನೊಂದು ಗಂಟೆಗೆ ಕುಳಿತು ಮಾಡುತ್ತೀರಿ. ಈ ಮನೆಯ ಲೆಕ್ಕ ಯಾವತ್ತಾದರೂ ಮಾಡಿದ್ದೀರಾ?"

ಮಾಡಿರಲಿಲ್ಲ. ಅಂದೇ ಮಗನ ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತೆವು.

ಮೊದಲು ಬಡ್ಡಿಯನ್ನು ದಿನಕ್ಕೆ ಇಳಿಸಿ ನೋಡಿ

ಮನೆ ಸಾಲದ ಕಂತು ಬಿಟ್ಟು ನಮ್ಮ ಮೇಲಿದ್ದ ಸಾಲ ಹೀಗಿತ್ತು:

ಎರಡು ಕ್ರೆಡಿಟ್ ಕಾರ್ಡ್: 2,40,000 ರೂ., ತಿಂಗಳಿಗೆ ನೂರಕ್ಕೆ ಮೂರೂವರೆ, ಬಡ್ಡಿ 8,400 ರೂ.
ಖಾಸಗಿ ಫೈನಾನ್ಸ್: 5,00,000 ರೂ., ನೂರಕ್ಕೆ ಎರಡೂವರೆ, ಬಡ್ಡಿ 12,500 ರೂ.
ಚಿನ್ನದ ಮೇಲಿನ ಸಾಲ: 4,00,000 ರೂ., ನೂರಕ್ಕೆ ಒಂದು, ಬಡ್ಡಿ 4,000 ರೂ.
ಊರಿನ ಭಾವನವರ ಕೈಸಾಲ: 3,00,000 ರೂ., ಬಡ್ಡಿ ಇಲ್ಲ.

ಒಟ್ಟು 14,40,000 ರೂಪಾಯಿ. ತಿಂಗಳ ಬಡ್ಡಿ 24,900. ಅಂದರೆ ದಿನಕ್ಕೆ 830 ರೂಪಾಯಿ. ಒಂದು ಪ್ಲೇಟ್ ಇಡ್ಲಿಯಲ್ಲಿ ಎಲ್ಲ ಖರ್ಚು ಕಳೆದು ಹತ್ತು ರೂಪಾಯಿ ಉಳಿಯುತ್ತದೆ ಎಂದು ಹಿಡಿಯಿರಿ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲ 83 ಪ್ಲೇಟ್ ಇಡ್ಲಿ ಬಡ್ಡಿಯವರಿಗೆ. 84ನೆಯದು ನಮಗೆ. ಹಾಗೆ ಬರೆದು ನೋಡಿದ ದಿನ ನಮಗೆ ನಿದ್ದೆ ಬರಲಿಲ್ಲ.

ಇದರಲ್ಲೇ ಇನ್ನೊಂದು ಪಾಠವೂ ಇದೆ. ಹೋಟೆಲಿನಲ್ಲಿ 100 ರೂಪಾಯಿ ಉಳಿಯಬೇಕಾದರೆ ಹತ್ತು ಪ್ಲೇಟ್ ಹೆಚ್ಚು ಮಾರಬೇಕು. ಮನೆಯಲ್ಲಿ 100 ರೂಪಾಯಿ ಖರ್ಚು ನಿಂತರೆ ಅದು ಪೂರಾ 100 ರೂಪಾಯಿಯೇ. ವ್ಯಾಪಾರ ಹೆಚ್ಚಿಸುವುದು ಗಿರಾಕಿಯ ಕೈಯಲ್ಲಿದೆ, ಮನೆಯ ಖರ್ಚು ನಮ್ಮ ಕೈಯಲ್ಲಿದೆ.

ಕಾರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಿಲ್ಲಿನಲ್ಲಿ "ಮಿನಿಮಮ್ ಡ್ಯೂ" ಎಂದು ಸಾಮಾನ್ಯವಾಗಿ ನೂರಕ್ಕೆ ಐದರಷ್ಟು ಬರೆದಿರುತ್ತಾರೆ. 2,40,000ಕ್ಕೆ ಅದು 12,000. ಅಷ್ಟು ಕಟ್ಟಿದರೆ 8,400 ಬಡ್ಡಿಗೆ, ಬಡ್ಡಿಯ ಮೇಲಿನ ಜಿಎಸ್‌ಟಿ ಶೇಕಡಾ 18ರಂತೆ 1,512. ಅಸಲಿಗೆ ಸೇರುವುದು 2,088 ರೂಪಾಯಿ ಮಾತ್ರ. ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೆ ಕೊಂಡ ದಿನದಿಂದಲೇ ಬಡ್ಡಿ. ಆದ್ದರಿಂದ ಮರುದಿನವೇ ಎರಡೂ ಕಾರ್ಡನ್ನು ಬೀರುವಿನಲ್ಲಿ ಹಾಕಿ ಬೀಗ ಹಾಕಿದೆವು.

ದಿನವಹಿ ಕಲೆಕ್ಷನ್ ಸಾಲ ತೆಗೆದುಕೊಳ್ಳುವವರೂ ನಮ್ಮಲ್ಲಿ ಇದ್ದಾರೆ. ಕೈಗೆ 90,000 ಕೊಡುತ್ತಾರೆ, ದಿನಕ್ಕೆ 1,000ದಂತೆ 100 ದಿನ ಕಟ್ಟಬೇಕು. ಹತ್ತು ಸಾವಿರ ತಾನೇ ಎಂದು ಕಾಣುತ್ತದೆ. ಆದರೆ ಅಸಲು ದಿನಾ ಇಳಿಯುತ್ತಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆ ಮೊದಲೇ ಹಿಡಿದಾಗಿದೆ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 75ಕ್ಕೂ ಮೇಲೆ ಬೀಳುತ್ತದೆ.

ಮಾಲಕನಿಗೂ ಪಗಾರ ಬೇಕು

ನಮ್ಮ ದೊಡ್ಡ ತಪ್ಪು ಸಾಲ ಮಾಡಿದ್ದಲ್ಲ, ಗಲ್ಲೆಯನ್ನೂ ಕಿಸೆಯನ್ನೂ ಒಂದೇ ಮಾಡಿದ್ದು. ಮನೆಗೆ ಬೇಕಾದಾಗ ಗಲ್ಲೆಯಿಂದ ಎರಡು ಸಾವಿರ, ಮಗಳ ಕ್ಲಾಸಿಗೆ ಐದು ಸಾವಿರ. ಹಾಲು, ದೋಸೆ ಹಿಟ್ಟು, ತೆಂಗಿನಕಾಯಿ, ಎಣ್ಣೆ ಹೋಟೆಲಿನಿಂದಲೇ. ಅದೆಲ್ಲ ಪುಕ್ಕಟೆ ಎಂಬ ಭಾವನೆ. ಒಂದು ತಿಂಗಳು ಬರೆದಿಟ್ಟಾಗ ಹೋಟೆಲಿನಿಂದ ಮನೆಗೆ ಬಂದ ಸಾಮಾನೇ 6,000 ರೂಪಾಯಿ ಆಗಿತ್ತು.

ಅಂದಿನಿಂದ ನಮಗೆ ನಾವೇ ಪಗಾರ ನಿಗದಿ ಮಾಡಿಕೊಂಡೆವು. ಒಂದನೇ ತಾರೀಕಿಗೆ ಅರ್ಧ, ಹದಿನಾರನೇ ತಾರೀಕಿಗೆ ಅರ್ಧ, ನೇರ ನಮ್ಮ ಮನೆಯವರ ಖಾತೆಗೆ. ಮಧ್ಯದಲ್ಲಿ ಗಲ್ಲೆಗೆ ಕೈ ಹಾಕುವುದಿಲ್ಲ. ಹೋಟೆಲಿನಿಂದ ಒಂದು ತೆಂಗಿನಕಾಯಿ ಬಂದರೂ ಖರೀದಿ ದರದಲ್ಲಿ ಪುಸ್ತಕದಲ್ಲಿ ಬರೆದು ಪಗಾರದಿಂದ ಕಳೆಯುವುದು. ಕ್ಯಾಶಿಯರ್ ಹುಡುಗನಿಗೂ ಹೇಳಿಟ್ಟೆವು, "ನಾವು ಕೇಳಿದರೂ ಚೀಟಿ ಇಲ್ಲದೆ ಕೊಡಬೇಡ" ಎಂದು. ಮೊದಲ ವಾರ ಅವನಿಗೆ ಸಂಕೋಚ, ನಮಗೆ ಸಿಟ್ಟು. ಆಮೇಲೆ ಅಭ್ಯಾಸವಾಯಿತು.

ಮನೆಯಲ್ಲಿ ಎಲ್ಲಿ ಉಳಿಯಿತು

ನಮ್ಮ ಮನೆಯಲ್ಲಿ ಐದು ಜನ. ಒಂದು ತಿಂಗಳು ಬರೆದ ಮೇಲೆ ಕಡಿಮೆ ಮಾಡಿದ್ದು ಹೀಗೆ:

ಕಿರಾಣಿ, ತರಕಾರಿ, ಹಾಲು, ಮೀನು: 19,000ದಿಂದ 14,000ಕ್ಕೆ.
ವಿದ್ಯುತ್: 5,200ರಿಂದ 3,400ಕ್ಕೆ.
ಕಾರಿನ ಪೆಟ್ರೋಲ್, ಪಾರ್ಕಿಂಗ್, ವಿಮೆ, ರಿಪೇರಿ: 11,500. ಕಾರು ಮಾರಿದ ಮೇಲೆ ರೈಲು, ರಿಕ್ಷಾಕ್ಕೆ 2,500.
ಹೊರಗಿನ ತಿಂಡಿ, ಮೊಬೈಲಿನಲ್ಲಿ ಆರ್ಡರ್: 5,500ರಿಂದ 1,000ಕ್ಕೆ.
ಮೊಬೈಲ್, ಟಿವಿ, ಇಂಟರ್ನೆಟ್: 3,300ರಿಂದ 1,600ಕ್ಕೆ.
ಉಡುಗೊರೆ, ಸಮಾರಂಭ, ದೇಣಿಗೆ: 8,000ದಿಂದ 3,000ಕ್ಕೆ.

ಒಟ್ಟು ಉಳಿತಾಯ ತಿಂಗಳಿಗೆ 27,000. ದಿನಕ್ಕೆ 900 ರೂಪಾಯಿ, ಅಂದರೆ 90 ಪ್ಲೇಟ್ ಇಡ್ಲಿ.

ಅಡುಗೆಮನೆಯಲ್ಲಿ ಹೊಸದೇನೂ ಮಾಡಲಿಲ್ಲ. ಹೋಟೆಲಿನಲ್ಲಿ ಮಾಡುವುದನ್ನೇ ಮನೆಯಲ್ಲಿ ಮಾಡಿದೆವು. ಹೋಟೆಲಿನಲ್ಲಿ ಕೊತ್ತಂಬರಿ ಕಟ್ಟಿಗೂ ಲೆಕ್ಕ ಇಡುವ ನಾವು ಮನೆಯ ಫ್ರಿಜ್ಜಿನಲ್ಲಿ ಅದು ಕೊಳೆತು ಹೋದರೂ ನೋಡುತ್ತಿರಲಿಲ್ಲ. ವಾರದ ಅಡುಗೆ ಭಾನುವಾರವೇ ಬರೆದು, ಅದಕ್ಕೆ ಬೇಕಾದಷ್ಟೇ ಸಾಮಾನು ತರುವುದು. ಬೆಳಿಗ್ಗೆ ವಾರಕ್ಕೆ ಮೂರು ದಿನ ಕುಚ್ಚಲಕ್ಕಿ ಗಂಜಿ, ಚಟ್ನಿ. ಹುರುಳಿ, ಹೆಸರು, ಅಲಸಂಡೆ ರಾತ್ರಿ ನೆನೆಸಿದರೆ ಗ್ಯಾಸ್ ಉಳಿಯುತ್ತದೆ. ಮೀನು ಬಂಗುಡೆ, ಬೂತಾಯಿಗೆ ಇಳಿಯಿತು, ಅಂಜಲ್ ಹಬ್ಬಕ್ಕೆ ಮಾತ್ರ. ನಮ್ಮ ತಾಯಿಗೆ ಇದರಿಂದ ಸಂತೋಷವೇ ಆಯಿತು, ಅವರಿಗೆ ಬೇಕಾದ ಊಟ ಬಹಳ ವರ್ಷದ ಮೇಲೆ ಸಿಕ್ಕಿತು.

ವಿದ್ಯುತ್ ಬಿಲ್ಲಿನ ಗುಟ್ಟು ಇಷ್ಟೇ. ನಮ್ಮಲ್ಲಿ ಮನೆಬಳಕೆಯ ದರ 100, 300, 500 ಯೂನಿಟ್ ದಾಟಿದ ಹಾಗೆ ಏರುತ್ತದೆ. ಕೊನೆಯ ಯೂನಿಟ್ಟೇ ಎಲ್ಲಕ್ಕಿಂತ ದುಬಾರಿ. ಆದ್ದರಿಂದ ನೂರು ಯೂನಿಟ್ ಕಡಿಮೆ ಮಾಡಿದರೆ ಅದು ದುಬಾರಿ ದರದ ನೂರು. ಎರಡು ಎಸಿಯಲ್ಲಿ ಒಂದನ್ನು ನಿಲ್ಲಿಸಿ, ಇನ್ನೊಂದನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿದೆವು.

ಊರಿಗೆ ವಿಮಾನ ಬಿಟ್ಟು ಮತ್ಸ್ಯಗಂಧ ರೈಲಿನ ಸ್ಲೀಪರ್. ಇದರಲ್ಲಿ ನಾಚಿಕೆ ಏನಿದೆ? ಮುಂಬಯಿಗೆ ಮೊದಲ ಸಲ ಬಂದಾಗ ನಾವು ಬಸ್ಸಿನಲ್ಲೇ ಬಂದವರು.

ಕಷ್ಟವಾದದ್ದು ದೇಣಿಗೆಯದು. ಬ್ರಹ್ಮಕಲಶ, ಜೀರ್ಣೋದ್ಧಾರ, ಯಕ್ಷಗಾನ, ಬಂಧುಗಳ ಮದುವೆ, ಯಾವುದಕ್ಕೂ ಇಲ್ಲ ಎನ್ನುವ ಅಭ್ಯಾಸ ನಮಗಿಲ್ಲ. ಆದರೆ ನೂರಕ್ಕೆ ಎರಡೂವರೆ ಬಡ್ಡಿಯ ಹಣದಿಂದ ಕೊಟ್ಟ ದೇಣಿಗೆ ನಿಜವಾಗಿ ನಮ್ಮದಲ್ಲ. "ಈ ವರ್ಷ ಇಷ್ಟೇ ಸಾಧ್ಯ, ಮುಂದೆ ಕೊಡುತ್ತೇವೆ" ಎಂದು ಕೈಮುಗಿದು ಹೇಳಿದೆವು. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರು ಮೇಲಿನಿಂದ ಕೆಳಗೆ ಹೋಯಿತು. ಬೇರೇನೂ ಆಗಲಿಲ್ಲ. ದೇವರಾಗಲಿ ಬಂಧುಗಳಾಗಲಿ ಮುನಿಸಿಕೊಳ್ಳಲಿಲ್ಲ.

ಮುಟ್ಟಬಾರದ ಖರ್ಚು

ಮಕ್ಕಳ ಫೀಸು, ತಾಯಿಯ ಔಷಧಿ, ಆರೋಗ್ಯ ವಿಮೆ, ಹೋಟೆಲ್ ಹುಡುಗರ ಸಂಬಳ, ಸರಕಾರದ ತೆರಿಗೆ, ಈ ಐದನ್ನು ಮುಟ್ಟಲಿಲ್ಲ. ವಿಮೆ ನಿಲ್ಲಿಸೋಣ ಎಂದು ನಾವು ಹೇಳಿದ್ದೆವು, ನಮ್ಮ ಮನೆಯವರು ಬಿಡಲಿಲ್ಲ. 2022ರಲ್ಲಿ ತಾಯಿ ಆಸ್ಪತ್ರೆ ಸೇರಿದಾಗ ಅವರ ಮಾತು ಎಷ್ಟು ಸರಿ ಎಂದು ತಿಳಿಯಿತು. ವಿಮೆ ಇದ್ದರೂ ಕೈಯಿಂದ ಸಾಕಷ್ಟು ಹೋಯಿತು. ಇಲ್ಲದಿದ್ದರೆ ಪುನಃ ಫೈನಾನ್ಸಿನವರ ಬಾಗಿಲೇ ಗತಿ.

ಯಾವುದನ್ನು ಮೊದಲು ತೀರಿಸಬೇಕು

ಹೆಚ್ಚು ಬಡ್ಡಿಯದು ಮೊದಲು. ಕಾರು ಮಾರಿದ 3,10,000ದಲ್ಲಿ ಕಾರ್ಡಿನ 2,40,000 ಪೂರ್ತಿ ಕಟ್ಟಿ, ಉಳಿದ 70,000 ಫೈನಾನ್ಸಿಗೆ ಕೊಟ್ಟೆವು. ಬಡ್ಡಿಗೆಂದು ಮೊದಲೇ ಹೋಗುತ್ತಿದ್ದ 24,900ಕ್ಕೆ ಉಳಿತಾಯದ 27,000 ಸೇರಿಸಿ ತಿಂಗಳಿಗೆ 51,900 ಸಾಲಕ್ಕೇ ಇಟ್ಟೆವು. ಒಂದು ಸಾಲ ತೀರಿದಾಗ ಅದರ ಹಣ ಮನೆ ಖರ್ಚಿಗೆ ಬಾರದೆ ಮುಂದಿನ ಸಾಲಕ್ಕೆ ಹೋಗಬೇಕು. ಇದೇ ಮುಖ್ಯ.

ಚಿನ್ನದ ಬಡ್ಡಿ ಮಾತ್ರ ತಪ್ಪಿಸದೆ ಕಟ್ಟಿ, ಬಾಕಿ ಎಲ್ಲ ಫೈನಾನ್ಸಿಗೆ ಹಾಕಿದೆವು. ಲೆಕ್ಕದ ಪ್ರಕಾರ ಅದು 11 ತಿಂಗಳಲ್ಲಿ ತೀರಬೇಕಿತ್ತು. ಆಸ್ಪತ್ರೆಯ ಖರ್ಚಿನಿಂದ 14 ತಿಂಗಳಾಯಿತು. ಆಮೇಲೆ 9 ತಿಂಗಳಲ್ಲಿ ಚಿನ್ನ ಬಿಡಿಸಿದೆವು. ಕೊನೆಗೆ 6 ತಿಂಗಳಲ್ಲಿ ಭಾವನವರದ್ದು. ಅವರಿಗೆ ಬಡ್ಡಿ ಇಲ್ಲವೆಂದು ಕೊನೆಗೆ ಇಟ್ಟೆವೇ ಹೊರತು ಮರೆಯಲಿಲ್ಲ. ಪ್ರತಿ ತಿಂಗಳು ಫೋನ್ ಮಾಡಿ, "ಭಾವ, ಇನ್ನು ಇಷ್ಟು ತಿಂಗಳಿದೆ" ಎಂದು ನಾವೇ ಹೇಳುತ್ತಿದ್ದೆವು. ಕೊಟ್ಟವರು ಕೇಳುವ ಮೊದಲು ತೆಗೆದುಕೊಂಡವರು ಮಾತಾಡಿದರೆ ಸಂಬಂಧ ಉಳಿಯುತ್ತದೆ.

2022ರ ಜನವರಿಯಲ್ಲಿ ಆರಂಭಿಸಿ 2024ರ ಮೇ ತಿಂಗಳಿಗೆ ಮುಗಿಯಿತು.

ತೀರಿದ ಮೇಲೆ ಕಾಗದ ಕೇಳಿ

ಖಾಸಗಿಯವರಿಂದ ಪ್ರಾಮಿಸರಿ ನೋಟು ಮತ್ತು ಸಹಿ ಹಾಕಿಕೊಟ್ಟ ಖಾಲಿ ಚೆಕ್‌ಗಳನ್ನು ವಾಪಸು ಪಡೆಯಿರಿ. ಬ್ಯಾಂಕಿನಿಂದ "ನೋ ಡ್ಯೂಸ್" ಪತ್ರ ತೆಗೆದುಕೊಳ್ಳಿ. ಕಾರ್ಡಿನವರು ಕಡಿಮೆ ಮೊತ್ತಕ್ಕೆ "ಸೆಟಲ್" ಮಾಡೋಣ ಎಂದರೆ ಯೋಚಿಸಿ. ಸಿಬಿಲ್ ವರದಿಯಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಎಂದು ಬೀಳುತ್ತದೆ, ಮುಂದೆ ಸಾಲ ಕೇಳುವಾಗ ಅಡ್ಡ ಬರುತ್ತದೆ. ಈ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ನೋಡಿಕೊಳ್ಳಿ. ಮನೆ, ಜಾಗದ ಸಾಲ ತೀರಿದರೆ 30 ದಿನದೊಳಗೆ ಮೂಲ ದಾಖಲೆ ವಾಪಸು ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಕೊನೆಯ ಮಾತು. ಸಾಲಕ್ಕಿಂತ ನಮ್ಮನ್ನು ಹೆಚ್ಚು ಸುಟ್ಟದ್ದು ಮುಚ್ಚಿಟ್ಟದ್ದು. ಹೇಳಿದ ಮೇಲೆ ಮಗಳು ತಾನೇ ಒಂದು ಕ್ಲಾಸು ಬಿಟ್ಟು ಅಣ್ಣನಲ್ಲಿ ಪಾಠ ಹೇಳಿಸಿಕೊಂಡಳು. ಮಗ ಸಂಜೆ ಗಲ್ಲೆಯಲ್ಲಿ ಕೂತ. ಮೊದಲೇ ಹೇಳಿದ್ದರೆ ಒಂದು ವರ್ಷದ ಬಡ್ಡಿ ಉಳಿಯುತ್ತಿತ್ತು.

ಆ ನೋಟ್‌ಬುಕ್ ಈಗಲೂ ದೇವರ ಕೋಣೆಯ ಕಪಾಟಿನಲ್ಲಿದೆ, ಮನೆಯ ಲೆಕ್ಕ ಇಂದಿಗೂ ಅದರಲ್ಲೇ ಬರೆಯುತ್ತೇವೆ. ನಿಮ್ಮಲ್ಲಿ ಯಾರಾದರೂ ಇದೇ ಕಷ್ಟದಲ್ಲಿದ್ದರೆ ಇಂದು ರಾತ್ರಿ ಗಲ್ಲೆ ಮುಚ್ಚಿದ ಮೇಲೆ ಮನೆಯವರೊಡನೆ ಕುಳಿತು ನಾಲ್ಕು ಗೆರೆ ಬರೆಯಿರಿ. ಎಲ್ಲರಿಗೂ ಒಳ್ಳೆಯದಾಗಲಿ.